ಕೆಂದನ ಕ್ಲಚ್ಚು, ಬೂದನ ಬಟನ್ನು

ಹಿರಿಯೂರು ಬಿಡುವ ಮುಂಚೆ

ನಾನು ವೇಲ್ಸ್‌ಗೆ ಹೋದದ್ದು ದೇಶ ನೋಡುವುದಕ್ಕಲ್ಲ, ನ್ಯಾಯ ಹೇಳುವುದಕ್ಕೆ. ವಾದಿ ಒಂದು ಕಾರು, ಪ್ರತಿವಾದಿ ಇನ್ನೊಂದು ಕಾರು. ಮೊದಲನೆಯದು ಇಟಲಿಯಲ್ಲಿ ಹುಟ್ಟಿ ನಲವತ್ತು ವರ್ಷ ಕಳೆದ ಕೆಂಪು ಗಾಡಿ. ಅದರ ಕಾಲದಲ್ಲಿ ಹುಡುಗರು ಅದರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಮಲಗುತ್ತಿದ್ದರಂತೆ. ಎರಡನೆಯದು ಮೂರು ವರ್ಷದ ಹಿಂದೆ ಜರ್ಮನಿಯಿಂದ ಬಂದ ಬೂದಿ ಬಣ್ಣದ್ದು. ಸೀನು ಬಂದು ಹೋಗುವಷ್ಟರಲ್ಲಿ ನೂರರ ವೇಗ ಮುಟ್ಟುತ್ತದೆ. ಎರಡಕ್ಕೂ ಒಡೆಯರು ನನ್ನ ಸೋದರಮಾವ ಡಾಕ್ಟರ್ ತಿಪ್ಪೇಸ್ವಾಮಿ. ಹೊಸದುರ್ಗ ತಾಲ್ಲೂಕಿನವರು, ವೇಲ್ಸಿನ ಗುಡ್ಡಗಾಡು ಊರೊಂದರಲ್ಲಿ ನಲವತ್ತು ವರ್ಷ ವೈದ್ಯರಾಗಿದ್ದು ಈಗ ನಿವೃತ್ತರು. ನಮ್ಮ ಕಡೆ ಎತ್ತುಗಳಿಗೆ ಇಡುವ ಹಾಗೆ ಕಾರುಗಳಿಗೂ ಬಣ್ಣ ನೋಡಿ ಹೆಸರಿಟ್ಟಿದ್ದರು. ಹಳೆಯದು ಕೆಂದ, ಹೊಸದು ಬೂದ.

ಮಾವ ಮತ್ತು ಸರೋಜತ್ತೆ ಅದೇ ಊರಿನಲ್ಲಿ ಇನ್ನೂ ಚಿಕ್ಕ ಮನೆಗೆ ಹೋಗುವವರಿದ್ದರು. ಅಲ್ಲಿ ಇಂಥ ಗಾಡಿ ನಿಲ್ಲಿಸಲು ಒಂದೇ ಕೋಣೆ. ಅತ್ತೆಯ ಪುಟ್ಟ ಕಾರು ಮೊದಲಿನಿಂದಲೂ ಬೀದಿಯಲ್ಲೇ ಮಲಗುತ್ತದೆ, ಅದರ ಮಾತು ಬೇರೆ. ಕೆಂದ, ಬೂದ ಎರಡರಲ್ಲಿ ಒಂದು ಹೋಗಲೇಬೇಕು. ಕೆಂದ ಹೋಗಲಿ ಎಂದು ಅತ್ತೆ, ಪ್ರಾಣ ಹೋದರೂ ಇಲ್ಲ ಎಂದು ಮಾವ. ಮೂರು ತಿಂಗಳು ಎಳೆದಾಡಿ, ಕೊನೆಗೆ ಗಿರಿಜ ಬಂದು ಎರಡನ್ನೂ ಓಡಿಸಿ ನೋಡಲಿ, ಅವಳು ಹೇಳಿದ್ದೇ ಕೊನೆ ಎಂದು ಇಬ್ಬರೂ ಒಪ್ಪಿದರು. ಗಿರಿಜ ಎಂದರೆ ನಾನು. ಹಿರಿಯೂರಿನಲ್ಲಿ ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ನನ್ನ ಹತ್ತಿರ ಕಲಿತವರಲ್ಲಿ ಹೆಂಗಸರೇ ಹೆಚ್ಚು. ಧರ್ಮಪುರದಿಂದ ದಿನಾ ಬಸ್ಸಿನಲ್ಲಿ ಬಂದು ಕಲಿತು, ಕೊನೆಯ ದಿನ ಶೇಂಗಾ ಮೂಟೆ ತುಂಬಿದ ಗಾಡಿಯನ್ನು ತಾವೇ ಓಡಿಸಿಕೊಂಡು ಹೋದ ಅಜ್ಜಿಯೊಬ್ಬರೂ ಅವರಲ್ಲಿದ್ದಾರೆ. ಆ ಜಂಬ ನನಗೆ ಸ್ವಲ್ಪ ಹೆಚ್ಚೇ ಇದೆ.

ಫೋನಿನಲ್ಲಿ ಮಾವ "ಎರಡೂ ಗ್ಯಾರೇಜಲ್ಲೇ ಅವೆ ಕಣೆ, ಬಂದು ನೋಡು" ಎಂದಾಗ ನನಗೆ ಅಯ್ಯೋ ಅನಿಸಿತು. ನಮ್ಮಲ್ಲಿ ಗಾಡಿ ಗ್ಯಾರೇಜಿನಲ್ಲಿದೆ ಎಂದರೆ ಕೆಟ್ಟು ಕೂತಿದೆ ಎಂದು ತಾನೇ ಅರ್ಥ? ಎರಡೂ ಒಟ್ಟಿಗೆ ಕೈಕೊಟ್ಟಿವೆ ಎಂದುಕೊಂಡು ಪ್ಲಗ್ ಸ್ಪ್ಯಾನರು, ಸ್ಕ್ರೂಡ್ರೈವರು, ಉಜ್ಜುವ ಕಾಗದ ಎಲ್ಲವನ್ನೂ ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕ ತುರುಕಿಕೊಂಡು ಹೊರಟೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿಣಿ ಇದೆಲ್ಲ ಏಕೆ ಎಂದು ಕೇಳಿದರು. ನಮ್ಮ ಮಾವನ ಎರಡು ಕಾರು ಗ್ಯಾರೇಜಿನಲ್ಲಿವೆ ಎಂದು ದುಃಖದಿಂದ ಹೇಳಿದೆ. ಅದರಲ್ಲಿ ಅಳುವಂಥದ್ದೇನಿದೆ ಎಂಬಂತೆ ಅವರು ನನ್ನ ಮುಖವನ್ನೇ ನೋಡಿದರು. ಆ ದೇಶದಲ್ಲಿ ಗ್ಯಾರೇಜ್ ಎಂದರೆ ಕಾರು ಮಲಗುವ ಕೋಣೆ ಎಂದು ಗೊತ್ತಾದದ್ದು ಮಾವನ ಮನೆ ಮುಟ್ಟಿದ ಮೇಲೆ.

ಸೋಮವಾರ: ಬೂದ

ಬೂದನ ಒಳಗೆ ಕೂರುವುದು ಎಂಬುದಿಲ್ಲ, ಬೀಳುವುದೇ. ಸೀಟು ನೆಲದಿಂದ ಒಂದು ಗೇಣು ಮೇಲಿದೆ, ಪಂಕ್ತಿ ಊಟಕ್ಕೆ ಚಾಪೆಯ ಮೇಲೆ ಕೂತ ಹಾಗೆ. ಬಿದ್ದವಳು ಅಭ್ಯಾಸಬಲದಿಂದ ಎಡಗಾಲಿನಲ್ಲಿ ಕ್ಲಚ್ ಹುಡುಕಿದೆ. ಇರಲಿಲ್ಲ. ಇನ್ನೂ ಒಳಗೆ ಚಾಚಿದೆ. ಅಲ್ಲೂ ಇರಲಿಲ್ಲ. ಪಕ್ಕದಲ್ಲಿ ಕೂತ ಮಾವನನ್ನು, ಈ ಕಾಲು ಎಲ್ಲಿಡಲಿ ಎಂದು ಕೇಳಿದೆ.

"ಅದನ್ನ ಮನೇಲೇ ಬಿಟ್ಟು ಬರಬೇಕಿತ್ತು ನೀನು" ಎಂದರು ಮಾವ. ತಮ್ಮ ಮಾತಿಗೆ ತಾವೇ ಬಹಳ ಹೊತ್ತು ನಕ್ಕರು.

ಬೂದನಿಗೆ ಎಲ್ಲದಕ್ಕೂ ಬಟನ್ನು. ಶುರುವಾಗಲು ಬಟನ್ನು, ಗಟ್ಟಿಯಾಗಲು ಬಟನ್ನು, ಮೆದುವಾಗಲು ಬಟನ್ನು, ರಸ್ತೆ ಉಬ್ಬು ಬಂದರೆ ಮೂತಿ ಮೇಲೆತ್ತಲು ಬಟನ್ನು. ಸದ್ದಿಗೂ ಒಂದು ಬಟನ್ನು ಇದೆ. ಒತ್ತಿದರೆ ಗಾಡಿ ಗದರುತ್ತದೆ, ಮತ್ತೆ ಒತ್ತಿದರೆ ತೆಪ್ಪಗಾಗುತ್ತದೆ. ಆ ಗದರಿಕೆಯಲ್ಲಿ ಅರ್ಧ ಎಂಜಿನ್ನಿನದು, ಅರ್ಧ ಒಳಗಿನ ಸ್ಪೀಕರಿನದು ಎಂದು ಮಾವ ತಗ್ಗಿದ ದನಿಯಲ್ಲಿ, ಮನೆಯ ಗುಟ್ಟು ಹೇಳುವವರಂತೆ ಹೇಳಿದರು.

ಊರು ದಾಟಿ ಗುಡ್ಡದ ಕಡೆ ನೇರ ರಸ್ತೆ ಸಿಕ್ಕಿತು. ಮಾವ "ಈಗ ಒತ್ತು" ಎಂದರು. ಒತ್ತಿದೆ. ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಬೆನ್ನು ಸೀಟಿನೊಳಗೆ ಹೋಯಿತು, ಹೊಟ್ಟೆ ಬೆನ್ನಿಗೆ ಹೋಯಿತು, ಬಾಯಿಂದ ಒಂದು ಕೂಗು ಹೋಯಿತು. ಹಿರಿಯೂರಿನ ಹೈವೇಯಲ್ಲಿ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಶೋಕಿಲಾಲರು ಇಂಥ ಗಾಡಿಗಳಲ್ಲಿ ಸೊಂಯ್ ಎಂದು ಹೋಗುವಾಗ, ಟೀ ಅಂಗಡಿ ಮುಂದೆ ನಿಂತು ಬೈದವರಲ್ಲಿ ನಾನು ಮೊದಲನೆಯವಳು. ಆ ದಿನ ಮಾತ್ರ ಇನ್ನೊಂದು ಸಲ ಮಾವ, ಇನ್ನೊಂದೇ ಒಂದು ಸಲ ಎಂದು ನಾಲ್ಕು ಸಲ ಒತ್ತಿದೆ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ವಯಸ್ಸು ನಲವತ್ತೇಳು, ಮನೆಯಲ್ಲಿ ಬೆಳೆದ ಮಕ್ಕಳಿದ್ದಾರೆ ಎಂಬುದೆಲ್ಲ ಮರೆತೇ ಹೋಗಿತ್ತು.

ಆದರೆ ಮೇಷ್ಟ್ರ ಕಣ್ಣಿಗೆ ಬೇರೆಯದೇ ಕಾಣುತ್ತದಲ್ಲ. ಗೆರೆ ದಾಟಿದರೆ ಸ್ಟೇರಿಂಗ್ ಕೈಯಲ್ಲೇ ನಡುಗಿ ಎಚ್ಚರಿಸುತ್ತದೆ. ನಮ್ಮ ಚಳ್ಳಕೆರೆ ರಸ್ತೆಗೆ ತಂದರೆ ಇದಕ್ಕೆ ಚಳಿಜ್ವರವೇ ಹಿಡಿಯಬೇಕು. ತಿರುವಿನಲ್ಲಿ ನಾನು ತಪ್ಪಿದರೆ ತಾನೇ ಸದ್ದಿಲ್ಲದೆ ಸರಿಮಾಡಿ, ನಾನೇ ಸರಿ ಓಡಿಸಿದೆ ಎಂದು ನಂಬಿಸುತ್ತದೆ. ಒಂದು ತಿರುವಿನಾಚೆ ರಸ್ತೆಯ ನಟ್ಟನಡುವೆ ಕುರಿಯೊಂದು ಮೆಲುಕು ಹಾಕುತ್ತಾ ಮಲಗಿತ್ತು. ನನ್ನ ಕಾಲು ಬ್ರೇಕಿಗೆ ಹೋಗುವ ಮುಂಚೆಯೇ ಬೂದ ಗಕ್ಕನೆ ನಿಂತುಬಿಟ್ಟ. ಕುರಿ ತಲೆಯನ್ನೂ ಎತ್ತಲಿಲ್ಲ. ಇಂಥ ಗಾಡಿಗಳು ನಮ್ಮೂರಿಗೆ ಬಂದರೆ ನನ್ನ ಸ್ಕೂಲಿಗೆ ಬೀಗ ಹಾಕುವುದೇ ಸರಿ ಎಂದುಕೊಂಡೆ.

ಅಲ್ಲಿನ ಜನರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಕಿರಿದಾದ ರಸ್ತೆಯಲ್ಲಿ ದಾರಿ ಬಿಟ್ಟುಕೊಟ್ಟರೆ, ಎದುರಿನವರು ಸ್ಟೇರಿಂಗಿನ ಮೇಲಿಂದ ಒಂದೇ ಒಂದು ಬೆರಳೆತ್ತಿ ಉಪಕಾರ ಸ್ಮರಿಸುತ್ತಾರೆ. ನಮ್ಮ ಶಾಲೆಗಳಲ್ಲಿ ಬೆರಳೆತ್ತಿದರೆ ಒಂದಕ್ಕೆ ಹೋಗಬೇಕು ಎಂದು ಅರ್ಥ. ಮೊದಲೆರಡು ದಿನ, ಪಾಪ, ಇಷ್ಟೊಂದು ಜನಕ್ಕೆ ಅವಸರವಾಗಿದೆಯಲ್ಲ ಎಂದು ನನ್ನಷ್ಟಕ್ಕೆ ನಗುತ್ತಿದ್ದೆ. ಮೂರನೇ ದಿನಕ್ಕೆ ನನ್ನ ಬೆರಳೂ ತಾನಾಗಿ ಏಳತೊಡಗಿತು.

ಬುಧವಾರ: ಕೆಂದ

ಕೆಂದನ ಬಾಗಿಲು ಪಕ್ಕಕ್ಕೆ ತೆರೆಯುವುದಿಲ್ಲ, ಮೇಲಕ್ಕೆ ಏಳುತ್ತದೆ. ಕೀಲಿ ಕೊಟ್ಟು ಸುಮ್ಮನಿರಬೇಕು. ಹಿಂದೆಲ್ಲೋ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಬಡಿದು ತಾನಾಗಿ ನಿಧಾನವಾಗುವ ತನಕ ಕಾಯಬೇಕು. ಆಮೇಲೆ ಆಕ್ಸಿಲರೇಟರನ್ನು ಮೂರು ಸಲ, ಮೂರೇ ಸಲ, ಒತ್ತಬೇಕು. ನಾಲ್ಕಾದರೆ ಪೆಟ್ರೋಲ್ ಹೆಚ್ಚಾಗಿ ಮುನಿಸಿಕೊಳ್ಳುತ್ತದೆ, ಎರಡಾದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಎಲ್ಲ ಸರಿಯಾದರೆ ನೆತ್ತಿಯ ಹಿಂದೆ ಹನ್ನೆರಡು ಸಿಲಿಂಡರುಗಳು ಒಂದೊಂದಾಗಿ ಎದ್ದು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಟ್ಟಿಗೆ ದನಿ ತೆಗೆಯುತ್ತವೆ. ಇದರಲ್ಲಿ ಸ್ಪೀಕರಿನ ಪಾಲು ಎಳ್ಳಷ್ಟೂ ಇಲ್ಲ. ನನ್ನ ಎದೆಗೂಡು ನಡುಗಿತು, ಮೈಮೇಲೆ ಮುಳ್ಳೆದ್ದಿತು.

ಕ್ಲಚ್ ಒತ್ತಿದೆ. ಒತ್ತಿದೆ ಎಂದರೆ, ಒತ್ತಲು ಹೋದೆ. ಅದು ಕ್ಲಚ್ಚಲ್ಲ, ಒಳಕಲ್ಲು. ಎರಡನೇ ಸಲ ಬೆನ್ನನ್ನು ಸೀಟಿಗೆ ಒತ್ತು ಕೊಟ್ಟು, ಹಲ್ಲು ಕಚ್ಚಿ ತಳ್ಳಿದ ಮೇಲೆ ಕೆಳಗೆ ಹೋಯಿತು. ಇನ್ನೇನು ಎಲ್ಲರಿಗೂ ಗೊತ್ತಿರುವ ಹಾಗೆ ಗೇರನ್ನು ಎಡಕ್ಕೆ ಎಳೆದು ಮುಂದಕ್ಕೆ ಹಾಕಿದೆ, ಫಸ್ಟು. ಗಾಡಿ ಹಿಂದಕ್ಕೆ ಹೋಯಿತು. ಅತ್ತೆಯ ಗುಲಾಬಿ ಗಿಡಗಳಿಗೆ ಮೊಳದಷ್ಟು ದೂರದಲ್ಲಿ ನಿಲ್ಲಿಸಿದೆ. ಇಟಲಿಯವರು ಎಲ್ಲರ ಫಸ್ಟು ಇರುವ ಜಾಗದಲ್ಲಿ ರಿವರ್ಸು ಇಟ್ಟು, ಫಸ್ಟನ್ನು ಅದರ ಕೆಳಗೆ ಇಟ್ಟಿದ್ದರು. ಇಪ್ಪತ್ತು ವರ್ಷ ಪಾಠ ಹೇಳಿದವಳು, ಕಿಟಕಿಯಲ್ಲಿ ಅತ್ತೆ ನೋಡುತ್ತಿರುವಾಗ, ಮೊದಲ ದಿನದ ವಿದ್ಯಾರ್ಥಿಯಂತೆ ಬೆವರಿದೆ. ಅತ್ತೆ ನಗಲಿಲ್ಲ, ಕಿಟಕಿಯಿಂದ ಕದಲಲೂ ಇಲ್ಲ.

ತಣ್ಣಗಿರುವಾಗ ಸೆಕೆಂಡ್ ಗೇರಿಗೆ ಹೋಗುವುದಿಲ್ಲ ಎಂದು ಹಟ. ಫಸ್ಟಿಂದ ನೇರ ಥರ್ಡಿಗೆ ಹಾರಿಸಬೇಕು, ಹತ್ತು ನಿಮಿಷ ಕಾದರೆ ಸೆಕೆಂಡಿನ ಮನಸ್ಸು ಕರಗುತ್ತದೆ. ಸ್ಟೇರಿಂಗ್ ತಿರುಗಿಸಲು ತೋಳಿನ ಕಸುವೆಲ್ಲ ಬೇಕು. ಕಿಟಕಿ ಅಂಗೈಯಗಲ ಮಾತ್ರ ಇಳಿಯುತ್ತದೆ. ಒಳಗೆ ಏಪ್ರಿಲ್ ತಿಂಗಳ ಹೊಳಲ್ಕೆರೆಯ ಬಸ್ಸಿನ ಸೆಕೆ. ಮೈಗೆಲ್ಲ ಪೆಟ್ರೋಲಿನ ವಾಸನೆ. ಓಟದಲ್ಲಿ ಬೂದನ ಧೂಳೂ ಇದಕ್ಕೆ ಸಿಗಲಾರದು. ಆದರೆ ಎಂಬತ್ತರ ವೇಗದಲ್ಲೇ ಕೆಂದ ಕೊಟ್ಟ ಭಯ ಮತ್ತು ಖುಷಿಯನ್ನು ಬೂದ ಅದರ ಎರಡರಷ್ಟು ವೇಗದಲ್ಲೂ ಕೊಡಲಾರ. ಬೂದ ನಮ್ಮ ತಪ್ಪನ್ನು ಮುಚ್ಚಿಹಾಕುತ್ತಾನೆ, ಕೆಂದ ಊರಿಗೆಲ್ಲ ಸಾರುತ್ತಾನೆ. ಒಂದು ತಿರುವಿನಲ್ಲಿ ಗೇರು, ಕ್ಲಚ್ಚು, ಸ್ಟೇರಿಂಗು ಮೂರೂ ಸರಿಯಾಗಿ ಕೂಡಿಬಂದವು. ಹನ್ನೆರಡೂ ಸಿಲಿಂಡರುಗಳು ಒಂದೇ ಬಾಯಲ್ಲಿ ಹಾಡಿದವು. ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕೆಂದನ ಸದ್ದು ಕೇಳುವಾಗ ಅವರು ಕಣ್ಣು ಮುಚ್ಚುವುದು ಎಂದಿನ ಅಭ್ಯಾಸವಂತೆ.

ಮನೆಗೆ ಬಂದು ಇಳಿಯುವಾಗ ಎಡಗಾಲು ನನ್ನದೇ ಅಲ್ಲ ಎನ್ನುವಷ್ಟು ಜುಮುಗುಡುತ್ತಿತ್ತು. ತೀರ್ಪು ಮನಸ್ಸಿನಲ್ಲೇ ಬರೆದಾಗಿತ್ತು: ಕೆಂದ ಉಳಿಯಬೇಕು.

ಗುರುವಾರ: ಡಿಪ್ಪರ್

ಮಾರನೇ ದಿನ ಮತ್ತೆ ಕೆಂದನನ್ನೇ ತೆಗೆದೆವು. ಮಾವ ದಾರಿ ತೋರಿಸುತ್ತಾ ಒಂದು ಓಣಿಗೆ ಇಳಿಸಿದರು. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಗಾಡಿ ಹಿಡಿಯುವ ಹಾದಿ, ಅಲ್ಲಲ್ಲಿ ಎದುರಿನವರಿಗೆ ಬಿಡಲು ಕೊಂಚ ಅಗಲದ ಜಾಗ. ಅರ್ಧ ಹೋಗುವಷ್ಟರಲ್ಲಿ ಎದುರಿಗೆ ಹಾಲಿನ ಟ್ಯಾಂಕರ್ ಕಂಡಿತು. ಅದು ಅಂಥ ಅಗಲದ ಜಾಗದಲ್ಲಿ ನಿಂತು ಹೆಡ್‌ಲೈಟನ್ನು ಫಳಾರೆಂದು ಎರಡು ಸಲ ಮಿಂಚಿಸಿತು.

ಡಿಪ್ಪರ್! ನಮ್ಮ ಹೈವೇಯಲ್ಲಿ ಎದುರಿನವನು ಡಿಪ್ಪರ್ ಹೊಡೆದರೆ 'ನಾನು ಬಂದೆ, ನೀನು ತಡ್ಕ' ಎಂದು ಅರ್ಥ. ನನ್ನ ಸ್ಕೂಲಿನ ಎರಡನೇ ಪಾಠವೇ ಅದು. ತಡೆದು ನಿಂತೆ. ಅವನು ಬರಲಿಲ್ಲ. ನಾನು ಕಾದೆ, ಅವನೂ ಕಾದ. ಮತ್ತೆ ಫಳಾರೆಂದು ಮಿಂಚಿಸಿದ. ಓಹೋ, ಇವನಿಗೆ ಕೋಪ ಬಂದಿದೆ, ಇಷ್ಟು ಜಾಗ ಸಾಲದಂತೆ, ಹಿಂದಕ್ಕೆ ಹೋಗು ಎನ್ನುತ್ತಿದ್ದಾನೆ ಎಂದುಕೊಂಡೆ. ಪಕ್ಕದಲ್ಲಿ ಮಾವ ಕಣ್ಣು ಮುಚ್ಚಿ ಹನ್ನೆರಡು ಸಿಲಿಂಡರುಗಳ ಧ್ಯಾನದಲ್ಲಿದ್ದರು. ಕೆಂದನ ಹಿಂದಿನ ಗಾಜು ಅಂಚೆಡಬ್ಬಿಯ ಬಾಯಿಯಷ್ಟಿದೆ, ಅದರಲ್ಲಿ ಏನೂ ಕಾಣದು. ಬಾಗಿಲನ್ನು ಮೇಲಕ್ಕೆತ್ತಿ, ಹೊಸ್ತಿಲ ಮೇಲೆ ಅರ್ಧ ಕೂತು, ಹೊರಗೆ ಬಗ್ಗಿ ನೋಡುತ್ತಾ ರಿವರ್ಸ್ ತೆಗೆಯತೊಡಗಿದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ಬೇಲಿಯ ಬುಡದ ಮೆತ್ತನೆಯ ಮಣ್ಣಿನಲ್ಲಿ ಹೂತಿತು.

ಮಾವ ಕಣ್ಣು ಬಿಟ್ಟು, ಟ್ಯಾಂಕರನ್ನೂ ನನ್ನನ್ನೂ ನೋಡಿ, ಹಿಂದಕ್ಕೆ ಯಾಕೆ ಬಂದೆ ಎಂದು ಕೇಳಿದರು. ಅವನು ಡಿಪ್ಪರ್ ಹೊಡೆದ ಎಂದೆ.

"ಅಲ್ಲ ಕಣೆ, ಇಲ್ಲಿ ಡಿಪ್ಪರ್ ಹೊಡೆದ್ರೆ ನೀನು ಮೊದ್ಲು ಬಾ ತಾಯಿ ಅಂತ. ಅವ್ನು ನಿನ್ನ ಕರೀತಾ ಅವ್ನೆ!"

ಆ ಚಾಲಕ ಇಳಿದು ಬಂದು ನಮಗೇ ಕ್ಷಮೆ ಕೇಳಿದ. ತಪ್ಪು ನಮ್ಮದು, ಕ್ಷಮೆ ಅವನದು, ಅದೂ ಆ ದೇಶದ ಅಭ್ಯಾಸ. ನಾನು ತಳ್ಳುತ್ತೇನೆ, ನೀವು ಎಬ್ಬಿಸಿ ಎಂದ. ಮಾವ ಹುರುಪಿನಿಂದ, ನೀನು ಇಳಿ, ಇದರ ಮರ್ಮ ನನಗೆ ಗೊತ್ತು ಎಂದು ಸ್ಟೇರಿಂಗ್ ಹಿಡಿದು ಕೂತರು. ನಾನೂ ಆ ಚಾಲಕನೂ ಹಿಂದೆ ನಿಂತೆವು. ಎಂಜಿನ್ ಮೊರೆಯಿತು, ಗಾಡಿ ಒಮ್ಮೆ ಜಿಗಿದು ಸತ್ತಿತು. ಮತ್ತೆ ಶುರು, ಮತ್ತೆ ಜಿಗಿತ, ಮತ್ತೆ ಸಾವು. ಮೂರನೇ ಸಲ ನಾನು ಎದ್ದಿದ್ದ ಬಾಗಿಲ ಬಳಿಗೆ ಹೋಗಿ ಒಳಗೆ ನೋಡಿದೆ. ಕ್ಲಚ್ಚಿನ ಮೇಲಿದ್ದ ಮಾವನ ಎಡಗಾಲು ಮಂಡಿಯಿಂದ ಕೆಳಗೆ ಗಡಗಡ ನಡುಗುತ್ತಿತ್ತು. ಎರಡೂ ಕೈಯಿಂದ ತೊಡೆಯನ್ನು ಅದುಮಿ ಹಿಡಿದಿದ್ದರು. ಆದರೂ ಕಾಲು ನಿಲ್ಲಲಿಲ್ಲ, ಪೆಡಲಿನಿಂದ ಜಾರಿತು.

ಟ್ಯಾಂಕರಿನವನು ತಟ್ಟನೆ ಅತ್ತ ತಿರುಗಿ ಬೇಲಿಯಾಚೆಯ ಕುರಿಗಳನ್ನು ಎಣಿಸುವವನಂತೆ ನಿಂತ. ಒಳ್ಳೆಯ ಮನುಷ್ಯ. ಮಾವ ನನ್ನ ಕೈ ಹಿಡಿದು ಇಳಿದರು. ನಾನು ಕೂತು, ಅವರಿಬ್ಬರೂ ತಳ್ಳಿ, ಗಾಡಿ ಮೇಲೆ ಬಂತು. ಮನೆ ಹತ್ತಿರ ಬರುವ ತನಕ ಮಾವ ಕಣ್ಣು ಮುಚ್ಚಲಿಲ್ಲ.

"ಒಂದು ವರ್ಷದಿಂದ ಹಿಂಗೈತೆ" ಎಂದರು ಕೊನೆಗೆ. "ನಿಮ್ಮತ್ತೆಗೆ ಹೇಳಬ್ಯಾಡ. ಹೇಳಿದ್ರೆ ಕೆಂದ ನಾಳೆನೇ ಹೊರಟೋಗ್ತಾನೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮೇಲೆ ನನ್ನ ತೀರ್ಪಿನ ಸುಖವೆಲ್ಲ ಇಳಿದುಹೋಯಿತು. ಕೆಂದ ಇರಲಿ ಎಂದರೆ ಈ ಕಾಲಿನಲ್ಲಿ ಮಾವ ಅದನ್ನು ಓಡಿಸಿಯೇ ಓಡಿಸುತ್ತಾರೆ. ಒಂದು ದಿನ ಗುಡ್ಡದ ತಿರುವಿನಲ್ಲಿ ಕಾಲು ಕೈಕೊಡುತ್ತದೆ. ಬೂದ ಇರಲಿ ಎಂದರೆ, ಮೂವತ್ತು ವರ್ಷದ ಹಿಂದೆ ಯಾರದೋ ಕೊಟ್ಟಿಗೆಯಲ್ಲಿ ಕೋಳಿ ಗೂಡಾಗಿದ್ದ ಗಾಡಿಯನ್ನು ತಂದು ಒಂದೊಂದೇ ನಟ್ಟು ಬಿಚ್ಚಿ ಕಟ್ಟಿದವರ ಕಣ್ಣೆದುರೇ ಅದನ್ನು ಸಾಗಹಾಕಿದಂತೆ. ಟ್ರ್ಯಾಕ್ಟರ್ ರಿಪೇರಿಯ ಗ್ಯಾರೆತ್, ಅಷ್ಟೂ ವರ್ಷ ಕೆಂದನ ಆರೈಕೆಯಲ್ಲಿ ಮಾವನಿಗೆ ಜೊತೆಯಾದವನು, ಭಾನುವಾರ ಬಂದು ಎರಡರಲ್ಲಿ ಯಾವುದನ್ನು ಕೊಟ್ಟರೆ ಅದನ್ನು ಕೊಂಡುಹೋಗುವುದೆಂದು ಮಾತಾಗಿತ್ತು. ಯಾಕಾದರೂ ಈ ನ್ಯಾಯಕ್ಕೆ ಒಪ್ಪಿದೆನೋ ಎನಿಸಿತು.

ಶನಿವಾರ: ಅತ್ತೆಯ ಪುಟ್ಟ ಕಾರು

ಶನಿವಾರ ಅತ್ತೆ ತಮ್ಮ ಕಾರಿನಲ್ಲಿ ನನ್ನನ್ನು ಪೇಟೆಗೆ ಕರೆದೊಯ್ದರು. ಸರೋಜತ್ತೆ ಹೊಳಲ್ಕೆರೆಯ ತಾಳ್ಯದ ಕಡೆಯವರು, ಕುರಿ ಸಾಕುವ ಮನೆಯವರು, ಮಾವನನ್ನು ಮದುವೆಯಾಗಿ ನಲವತ್ತೆರಡು ವರ್ಷ. ವೇಲ್ಸಿನಲ್ಲಿ ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸಾಗಿದ್ದವರು. ಅವರ ಕಾರು ಬೆಂಕಿಪೊಟ್ಟಣದಷ್ಟಿದೆ. ಕ್ಲಚ್ಚು ಗೇರಿನ ಹಳೇ ಪದ್ಧತಿಯದು.

ಮೊದಲ ತಿರುವಿನಲ್ಲೇ ಕುರಿ ಹಿಂಡು ಅಡ್ಡ ಬಂತು. ಅತ್ತೆ ಗಾಜು ಇಳಿಸಿ, ನಾಲಿಗೆ ಮಡಚಿ "ಟ್ರ್ರ್ರ್ ಹೋಯ್" ಎಂದು ತಾಳ್ಯದ ಕೂಗು ಹಾಕಿದರು. ವೇಲ್ಸಿನ ಕುರಿಗಳಿಗೂ ಅದು ಅರ್ಥವಾಯಿತು. ಮುಂದೆ ಗುರುವಾರ ನಾನು ಹೂತುಕೊಂಡ ಅದೇ ಓಣಿಯಲ್ಲಿ ಹುಲ್ಲಿನ ಟ್ರ್ಯಾಕ್ಟರ್ ಎದುರಾಯಿತು. ಅತ್ತೆ ನನ್ನ ಹತ್ತಿರ ಅವರೆಕಾಳಿನ ಮಾತಾಡುತ್ತಲೇ, ಒಂದು ಕೈಯಲ್ಲಿ, ಎರಡು ತಿರುವು ಹಿಂದಕ್ಕೆ ನೀರು ಹರಿದ ಹಾಗೆ ಗಾಡಿ ಇಳಿಸಿ ಅಗಲದ ಜಾಗದಲ್ಲಿ ಕೂರಿಸಿದರು. ಟ್ರ್ಯಾಕ್ಟರಿನವನು ಬೆರಳಲ್ಲ, ಟೋಪಿಯನ್ನೇ ಎತ್ತಿದ.

ಆಗ ನನಗೊಂದು ವಿಷಯ ಗಮನಕ್ಕೆ ಬಂತು. ಪಕ್ಕದ ಸೀಟಿನಲ್ಲಿ ಕೂತರೆ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ, ಡ್ರೈವಿಂಗ್ ಕಲಿಸುವವರ ಕಾಯಿಲೆ ಅದು. ನನ್ನ ಯಜಮಾನರು ಓಡಿಸಿದರೂ ಒತ್ತುತ್ತದೆ. ಅತ್ತೆಯ ಪಕ್ಕದಲ್ಲಿ ಕಾಲು ತೆಪ್ಪಗೆ ಮಲಗಿತ್ತು. ಸಂತೋಷಕ್ಕೆ ನನ್ನ ಸ್ಕೂಲಿನ ಕಾಯಿ ಪರೀಕ್ಷೆಯ ಬಗ್ಗೆ ಹೇಳಿದೆ. ಮಾರಿಕಣಿವೆಯ ಏರಿನಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ತೆಂಗಿನಕಾಯಿ ಇಡುತ್ತೇನೆ, ಕಲಿಯುವವರು ಹಾಫ್ ಕ್ಲಚ್ಚಿನಲ್ಲಿ ಹಿಂದೆ ಜಾರದೆ ಮುಂದೆ ಹೋಗಬೇಕು, ಕಾಯಿ ಒಡೆದರೆ ಅವತ್ತಿನ ಚಟ್ನಿ ಅವರ ಮನೆಯದು. ಅತ್ತೆ ಬಹಳ ನಕ್ಕರು. ನಕ್ಕವರು, ಇದ್ದಕ್ಕಿದ್ದಂತೆ ಮಾವನ ಕಾಲು ನೋಡಿದೆಯಾ ಎಂದು ಕೇಳಿದರು.

ನಾನು ಕಿಟಕಿಯ ಹೊರಗೆ ನೋಡಿದೆ.

"ನರ್ಸ್ ಕಣೆ ನಾನು. ಮನುಷ್ಯ ಮೆಟ್ಲು ಹತ್ತೋದು ನೋಡಿದ್ರೆ ಗೊತ್ತಾಗಲ್ವಾ? ಅದಕ್ಕೇ ಕೆಂದ ಹೋಗ್ಲಿ ಅಂದಿದ್ದು. ಮುಚ್ಚಿಟ್ಕಂಡವ್ರೆ ಅಂತ ನಾನೂ ಕೇಳ್ಲಿಲ್ಲ."

ಅದಕ್ಕೇ ಹೊರತು, ಎಲ್ಲರೂ ಅಂದುಕೊಂಡಂತೆ ಕೆಂದನ ಮೇಲೆ ದ್ವೇಷವಲ್ಲ ತಾನೇ ಎಂದೆ. ಅತ್ತೆ ಒಂದು ಏರು ಹತ್ತಿಸಿದರು. ಗೇರು ಬದಲಾಯಿಸಿದ್ದೇ ಗೊತ್ತಾಗಲಿಲ್ಲ.

"ದ್ವೇಷ ಎಲ್ಲಿಂದ ಬರ್ಬೇಕು? ಅದನ್ನ ಕಟ್ಟುವಾಗ ರಾತ್ರಿ ಎಲ್ಲ ಟಾರ್ಚ್ ಹಿಡಿದೋಳು ನಾನು. ಮೂವತ್ತು ವರ್ಷ ಎಡಗಡೆ ಕುಂತೀನಿ. ಒಂದಿನ, ಒಂದೇ ದಿನ, ತಗಾ ನೀನು ಓಡ್ಸು ಅಂತ ಕೀಲಿ ಕೊಟ್ಟಿಲ್ಲ. ಕೇಳಾಕೆ ನಂಗೂ ಬಾಯಿ ಬರ್ಲಿಲ್ಲ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾವನಿಗೆ ಹೊಳೆಯದಿದ್ದದ್ದು ಹೋಗಲಿ. ಇಪ್ಪತ್ತು ವರ್ಷದಿಂದ ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟು ಜಂಬಪಡುವ ನಾನು, ಐದು ದಿನದಿಂದ ಎರಡು ಗಾಡಿಗಳನ್ನು ತೂಗಿ ನೋಡುತ್ತಾ, ಓಡಿಸುವವರು ಯಾರು ಎಂದು ಕೇಳಿಕೊಳ್ಳಲೇ ಇಲ್ಲವಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ ಎದೆಯಲ್ಲಿ ಹನ್ನೆರಡು ಸಿಲಿಂಡರು ಎದ್ದವು. ನಾಳೆ ಕೆಂದನನ್ನು ಓಡಿಸಲು ನಿಮಗೆ ಮನಸ್ಸಿದೆಯೇ ಎಂದು ಕೇಳಿದೆ. ಅತ್ತೆ ಪೇಟೆಯಲ್ಲಿ ತರಬೇಕಾದ ತರಕಾರಿಯ ಪಟ್ಟಿ ಹೇಳತೊಡಗಿದರು.

ಭಾನುವಾರ: ಗುಡ್ಡ

ಗ್ಯಾರೆತ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಮಾತು ಕಡಿಮೆ, ಕೈ ದೊಡ್ಡದು. ಮಾವ ಅಂಗಿಗೆ ಇಸ್ತ್ರಿ ಹಾಕಿಕೊಂಡು ಕೋರ್ಟಿಗೆ ಬಂದವರಂತೆ ಕೆಂದನ ಪಕ್ಕ ನಿಂತಿದ್ದರು. ಎಲ್ಲರೂ ನನ್ನ ಮುಖ ನೋಡಿದರು.

"ಮಾವ, ನ್ಯಾಯ ಹೇಳೋಕೆ ಮುಂಚೆ ಇನ್ನೊಬ್ರು ಓಡ್ಸೋದು ಬಾಕಿ ಐತೆ" ಎಂದೆ. "ಕೀಲಿ ಅತ್ತೆ ಕೈಗೆ ಕೊಡ್ರಿ."

ಮಾವ ನಕ್ಕರು. ಇವಳಿಗೆ ಕೆಂದನ ಮುಖ ಕಂಡರಾಗದು ಎಂದರು. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಬಂದರು. ಕಾಲಲ್ಲಿ ನರ್ಸ್ ಕೆಲಸದ ದಿನಗಳ ಚಪ್ಪಟೆ ಅಡಿಯ ಕರಿ ಬೂಟು, ಹೊಸದಾಗಿ ಲೇಸು ಬಿಗಿದದ್ದು. ಮಾವನ ನಗು ನಿಂತಿತು. ಅವರು ಬೂಟನ್ನು ನೋಡಿದರು, ಅತ್ತೆಯ ಮುಖ ನೋಡಿದರು, ತಮ್ಮ ಎಡಗಾಲಿನ ಕಡೆಗೂ ಒಮ್ಮೆ ನೋಡಿಕೊಂಡರು. ಅತ್ತೆಗೆ ಎಲ್ಲ ಗೊತ್ತು ಎಂಬುದು ಆಗ ಅವರಿಗೆ ಗೊತ್ತಾಯಿತು. ಜೇಬಿನಿಂದ ಕೀಲಿ ತೆಗೆದು ಕೊಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೊಟ್ಟು, ಬಳಸಿಕೊಂಡು ಹೋಗಿ, ಎಡಗಡೆಯ ಬಾಗಿಲನ್ನು ಮೇಲೆತ್ತಿ ಕೂತರು.

ಅತ್ತೆ ಕೀಲಿ ಕೊಟ್ಟು ಸುಮ್ಮನಾದರು. ಪಂಪು ಟಿಕ್ ಟಿಕ್ ಎಂದು ನಿಧಾನವಾಗುವ ತನಕ ಕಾದರು. ಮೂರು ಸಲ, ಮೂರೇ ಸಲ, ಒತ್ತಿದರು. ಮೊದಲ ಯತ್ನಕ್ಕೇ ಕೆಂದ ಎದ್ದ. ಮಾವ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗೇರನ್ನು ಎಡಕ್ಕೆಳೆದು ಕೆಳಗೆ ಹಾಕಿಯಾಗಿತ್ತು. ಗುಲಾಬಿ ಗಿಡಗಳ ಕಡೆ ಗಾಡಿ ಒಂದಿಂಚೂ ಹೋಗಲಿಲ್ಲ. ರಸ್ತೆಗೆ ಇಳಿದ ಮೇಲೆ ಫಸ್ಟಿಂದ ನೇರ ಥರ್ಡಿಗೆ ಹಾರಿಸಿದ್ದು ಸದ್ದಿನಿಂದಲೇ ಗೊತ್ತಾಯಿತು. ಎಡಗಡೆ ಕೂತೇ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

ನಾನೂ ಗ್ಯಾರೆತ್ತೂ ಬೂದನಲ್ಲಿ ಹಿಂದೆ ಹೊರಟೆವು. ಗುಡ್ಡದ ರಸ್ತೆಯಲ್ಲಿ ಬೂದನಿಗೆ ಒಂದು ಬಟನ್ನು ಸಾಕು, ಕೆಂದನನ್ನು ದಾಟಿ ಮಾಯವಾಗಬಹುದು. ದಾಟುವ ಮನಸ್ಸು ಯಾರಿಗಿತ್ತು? ಗಾಜು ಪೂರ್ತಿ ಇಳಿಸಿ ಆ ಸದ್ದು ಕೇಳುತ್ತಾ, ಇಬ್ಬರೂ ಮಕ್ಕಳ ಹಾಗೆ ಮುಂದಕ್ಕೆ ಬಾಗಿ ಕೂತಿದ್ದೆವು. ಗ್ಯಾರೆತ್ ಅವತ್ತಿನ ಮೊದಲ ಮಾತಾಡಿದ. ಆರು ಕಾರ್ಬೊರೇಟರಿನಲ್ಲಿ ಯಾವುದು ತಾಳ ತಪ್ಪಿದೆ ಎಂದು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಲೇ ಹೇಳುತ್ತಿದ್ದವರು ಡಾಕ್ಟರಲ್ಲ, ಆಕೆಯೇ ಎಂದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಯಾರೂ ಕೇಳಲಿಲ್ಲ ಎಂದ.

ಕಡಿದಾದ ಏರಿನ ನಡುವೆ ಕುರಿಗಳು ಅಡ್ಡ ಬಂದು ಕೆಂದ ನಿಂತ. ನಾನು ಹಿಂದೆ ಒಂದು ಮಾರು ದೂರದಲ್ಲಿ ನಿಂತೆ. ಕ್ಷಣದಲ್ಲೇ ಹೊಳೆಯಿತು, ಅತ್ತೆ ಈಗ ಜಾರಿದರೆ ಒಡೆಯುವ ತೆಂಗಿನಕಾಯಿ ನಾನೇ. ಬೂದ ಗಾಬರಿಯಿಂದ ಕುಯ್ ಕುಯ್ ಎಂದು ಕೆಂಪು ದೀಪ ಹಚ್ಚಿದ. ನನ್ನ ಎಡಗಾಲು ತಾನಾಗಿ ಇಲ್ಲದ ಕ್ಲಚ್ಚನ್ನು ಅದುಮಿತು. ಕುರಿಗಳು ದಾಟಿದವು. ಆ ಒಳಕಲ್ಲಿನಂಥ ಕ್ಲಚ್ಚನ್ನು ಅರ್ಧಕ್ಕೆ ತಂದು ನಿಲ್ಲಿಸಿ, ಹಿಂದಕ್ಕೆ ಕೂದಲೆಳೆಯಷ್ಟೂ ಜಾರದೆ, ಅತ್ತೆ ಮೇಲಕ್ಕೆ ಹೊರಟರು. ನಾನು ಬೂದನೊಳಗೆ ಚಪ್ಪಾಳೆ ಹೊಡೆದೆ. ಗ್ಯಾರೆತ್ ಕೂಡ ಹೊಡೆದ.

ಗುಡ್ಡದ ನೆತ್ತಿಯಲ್ಲಿ ಅತ್ತೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ಸುತ್ತ ಗಾಳಿಯಂತ್ರಗಳು ತಿರುಗುತ್ತಿದ್ದವು, ಥೇಟ್ ನಮ್ಮ ಚಿತ್ರದುರ್ಗದ ಗುಡ್ಡ, ಹಸಿರು ಮಾತ್ರ ಜಾಸ್ತಿ. ನಾವು ಹತ್ತಿರ ಹೋದಾಗ ಎರಡೂ ಬಾಗಿಲು ಮೇಲೆದ್ದಿದ್ದವು, ಆದರೆ ಇಬ್ಬರೂ ಇಳಿದಿರಲಿಲ್ಲ. ಅತ್ತೆಯ ಕೆನ್ನೆ ಕೆಂಪಾಗಿ, ಕೂದಲು ಹಣೆಗೆ ಅಂಟಿತ್ತು. ಮಾವನ ಕಣ್ಣು ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೇಳಿದಿರಾ ಎಂದು ಕೇಳಿದೆ. ಇಲ್ಲ, ಇವತ್ತು ನೋಡುವುದಿತ್ತು ಎಂದರು.

ಯಾವುದನ್ನು ಕೊಂಡುಹೋಗಲಿ ಎಂದು ಗ್ಯಾರೆತ್ ನನ್ನನ್ನು ಕೇಳಿದ. ನಾನು ಮಾವನ ಕಡೆ ನೋಡಿದೆ. ಮಾವ ಬೂದನ ಕಡೆ ಕೈ ತೋರಿಸಿದರು. ಯಾಕೆಂದು ವಿವರಿಸಲು ಹೋಗಿ, ನಲವತ್ತು ವರ್ಷದ ಇಂಗ್ಲಿಷ್ ಆ ಗಳಿಗೆಯಲ್ಲಿ ಅವರ ಬಾಯಿಗೆ ಬರಲಿಲ್ಲ.

"ಕೆಂದನಿಗೆ ಡ್ರೈವರ್ ಸಿಕ್ಕವ್ಳೆ ಅಂತ ಹೇಳೇ ಇವನಿಗೆ" ಎಂದರು ನನ್ನ ಕಡೆ ತಿರುಗಿ.

ಅತ್ತೆ ಸ್ಟೇರಿಂಗ್ ಬಿಡದೆ, ಮುಂದಿನ ರಸ್ತೆಯನ್ನೇ ನೋಡುತ್ತಾ ಅಂದರು:

"ಸಿಕ್ಕಿ ನಲವತ್ತೆರಡು ವರ್ಷ ಆತು. ಕೀಲಿ ಕೊಟ್ಟಿದ್ದು ಇವತ್ತು."